ಐದನೆಯ ಸಹಿ

ಚೂರಿಯ ತುದಿಯನ್ನು ರಟ್ಟಿನ ಸಂದಿಗೆ ಇಟ್ಟಾಗ ಖಂಡಪ್ಪನ ಕೈ ನಿಂತುಬಿಟ್ಟಿತು. ಅವನಿಗೆ ಕೈಯ ಮೇಲೆಯೇ ಸಿಟ್ಟು ಬಂತು. ನಲವತ್ತಮೂರು ವರ್ಷದ ಕೈ. ಹೋರಿಗೆ ಮೂಗುದಾರ ಹಾಕುವಾಗ ನಿಲ್ಲದ ಕೈ, ಸಂತೆಯಲ್ಲಿ ತೂಕ ಹೊಡೆದವನ ಕಪಾಳಕ್ಕೆ ಬೀಳುವಾಗ ಹಿಂದೆಮುಂದೆ ನೋಡದ ಕೈ, ಪುಸ್ತಕದ ಬೆನ್ನಿನ ನಾಲ್ಕು ಎಳೆ ನೂಲಿಗೆ ಹೆದರುತ್ತದೆಂದರೆ ಏನರ್ಥ. ಬೆಳಗಿನಿಂದ ಹನ್ನೊಂದು ಪುಸ್ತಕಗಳ ಹೊದಿಕೆ ಕಿತ್ತಿದ್ದ. ಕಿತ್ತ ರಟ್ಟುಗಳು ಎಡಕ್ಕೆ ರಾಶಿಯಾಗಿ ಬಿದ್ದಿದ್ದವು. ಬಲಕ್ಕೆ ಬರಿಮೈಯ ಪುಸ್ತಕಗಳು, ಸುಲಿದ ಕುರಿಗಳ ಹಾಗೆ. ಹೊರಗೆ ಶ್ರಾವಣದ ಮೋಡ ಕವಿದು ಬಿಸಿಲೂ ಇಲ್ಲ, ಮಳೆಯೂ ಇಲ್ಲ. ಪಡಸಾಲೆಯ ತುಂಬ ಮೈಲುತುತ್ತ ಕಲಸಿದ ಅಂಟಿನ ವಾಸನೆ. ಹುಳ ಹತ್ತಬಾರದೆಂದು ಮೈದಾ ಅಂಟಿನಲ್ಲಿ ಮೈಲುತುತ್ತ ಕಲಸುತ್ತಿದ್ದವನು ಖಾದರಸಾಬ. ಮನುಷ್ಯ ಇಲ್ಲದೆ ಹನ್ನೊಂದು ತಿಂಗಳಾಗಿತ್ತು, ಅವನ ವಾಸನೆ ಮಾತ್ರ ಹೋಗಲೊಲ್ಲದು. ಅದೂ ಅವನ ಹಾಗೆಯೇ ಹಟದ್ದು ಎಂದುಕೊಂಡ ಖಂಡಪ್ಪ.

ಖಾದರಸಾಬ ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬಿನವನು. ಹದಿನೈದು ವರ್ಷದ ಹಿಂದೆ, ಕನ್ನಡ ವಾಚನಾಲಯ ತೆರೆಯಬೇಕೆಂದರೆ ನಿಜಾಮ ಸರಕಾರದ ಪರವಾನಗಿಗೆ ಆರು ಸಲ ಅಫಜಲಪುರಕ್ಕೆ ನಡೆಯಬೇಕಾಗಿದ್ದ ಕಾಲದಲ್ಲಿ, ಏಳನೆಯ ಸಲವೂ ನಡೆದು ಪರವಾನಗಿ ತಂದು, ಭೀಮಾ ದಂಡೆಯ ಈ ಊರಿನಲ್ಲಿ ತನ್ನ ಮನೆಯ ಪಡಸಾಲೆಯನ್ನೇ ವಾಚನಾಲಯ ಮಾಡಿದವನು. ಈಗ ನಿಜಾಮ ಹೋದ. ವಾಚನಾಲಯಕ್ಕೆ ಹೊಸ ಕಮಿಟಿ ಬಂತು, ಕಮಿಟಿಗೆ ಶೇಂಗಾ ವ್ಯಾಪಾರದ ಶಾಂತಲಿಂಗಪ್ಪ ಅಧ್ಯಕ್ಷನಾದ. ನಾಳೆ ಹೊಸ ಹೆಸರಿನಲ್ಲಿ ಪೂಜೆ. ಅಷ್ಟರಲ್ಲಿ ಉರ್ದು ಅಕ್ಷರ ಕಾಣುವ ಹೊದಿಕೆಗಳೆಲ್ಲ ಹೋಗಬೇಕು. ಖಾದರಸಾಬ ಕಟ್ಟಿದ ಹೊದಿಕೆಯಲ್ಲಿ ಉರ್ದು ಕಾಣದೆ ಏನು ಕಾಣಬೇಕು? ಕಚೇರಿಯ ರದ್ದಿ, ಹೈದರಾಬಾದಿನ ಹಳೆಯ ವರ್ತಮಾನ ಪತ್ರಿಕೆ, ಸಿಕ್ಕ ಕಾಗದವನ್ನು ಒಂದರ ಮೇಲೊಂದು ಅಂಟಿಸಿ, ಮೇಲೆ ಕಲ್ಲು ಹೇರಿ, ಎರಡು ದಿನ ಒಣಗಿಸಿ ಅವನು ರಟ್ಟು ಮಾಡುತ್ತಿದ್ದ. ಹೊಲಿಗೆಯ ದಾರ ರಟ್ಟನ್ನು ತೂರಿಕೊಂಡು ಹೋಗುತ್ತಿತ್ತು. ರಟ್ಟು ಕಿತ್ತರೆ ಹೊಲಿಗೆ ಬಿಚ್ಚುತ್ತದೆ, ಹೊಲಿಗೆ ಬಿಚ್ಚಿದರೆ ಪುಸ್ತಕ ಬರೀ ಹಾಳೆ. ಇದು ಶಾಂತಲಿಂಗಪ್ಪನಿಗೆ ತಿಳಿಯದು. ಖಂಡಪ್ಪನಿಗೆ ತಿಳಿಯುತ್ತದೆ. ತಿಳಿದವನ ಕೈಗೇ ಚೂರಿ ಕೊಟ್ಟಿದ್ದರು, ಅವನು ತೆಗೆದುಕೊಂಡಿದ್ದ.

ಹನ್ನೆರಡನೆಯ ಪುಸ್ತಕದ ಬೆನ್ನಿನ ಹೊಲಿಗೆ ಸೊಟ್ಟಗಿತ್ತು. ನೋಡಿದ ತಕ್ಷಣ ಗುರುತು ಹತ್ತಿತು. ತನ್ನದೇ. ಖಾದರಸಾಬ ಪುಸ್ತಕಕ್ಕೆ ಬಾಡಿಗೆ ಕೇಳುತ್ತಿರಲಿಲ್ಲ, ಹೊಲಿಗೆ ಕೇಳುತ್ತಿದ್ದ. ಪುಸ್ತಕ ಒಯ್ದವನು ಓದಿ ತಂದ ಮೇಲೆ ಹರಿದ ಇನ್ನೊಂದು ಪುಸ್ತಕದ ಮುಂದೆ ಕೂತು, ದಬ್ಬಣ ಹಿಡಿದು, ಒಂದು ಮಡಿಕೆ ಹಾಳೆ ಹೊಲಿದು ಏಳಬೇಕು. ಕುಲಕರ್ಣಿಯ ಮಗನೂ ಕೂಡಬೇಕು, ಕುರಿ ಕಾಯುವವನೂ ಕೂಡಬೇಕು, ಅದೂ ಒಂದೇ ಚಾಪೆಯ ಮೇಲೆ. ಹೊರಗೆ ಬರದ ಹೆಂಗಸರು ಪುಸ್ತಕದ ಬೆನ್ನಿಗೆಂದು ಹಳೆಯ ಸೀರೆಯ ಪಟ್ಟಿ ಕತ್ತರಿಸಿ ಕಳಿಸುತ್ತಿದ್ದರು. ಊರು ನಕ್ಕಿತು, ಬೈದಿತು, ಆಮೇಲೆ ಹೊಲಿಯಿತು. ಖಂಡಪ್ಪ ಮೊದಲ ದಿನ ದಬ್ಬಣವನ್ನು ಚಾಪೆಯ ಮೇಲೆ ಒಗೆದಿದ್ದ. ಇದು ಹೆಂಗಸರ ಕೆಲಸ, ನಾ ಮಾಡಂಗಿಲ್ಲ. ಖಾದರಸಾಬ ತಲೆ ಎತ್ತಲಿಲ್ಲ. ಅವನು ಆಗ ಮಗಳು ಮೆಹರಾಜಬೇಗಂಳ ಜಡೆ ಹೆಣೆಯುತ್ತಿದ್ದ, ಮೂರು ವರ್ಷದ ಕೂಸು, ರಿಬ್ಬನ್ನು ಅವನ ಹಲ್ಲಿನ ನಡುವೆ. ರಿಬ್ಬನ್ನು ಕಚ್ಚಿಕೊಂಡೇ ಹೇಳಿದ, "ಎತ್ತಿನ ಕೊರಳ ಜತ್ತಿಗಿ ಹರಿದ್ರ ನೀನೇ ಹೊಲೀತೀಯಲ್ಲಲೇ. ಎತ್ತಿಗಿಂತ ಪುಸ್ತಕ ಕಡಿಮಿ ಏನು?" ಖಂಡಪ್ಪ ಕೂತ. ಹೊಲಿದ. ಸೊಟ್ಟ ಹೊಲಿದ. ಖಾದರಸಾಬ ಅದನ್ನು ಬೆಳಕಿಗೆ ಹಿಡಿದು ನೋಡಿ, "ನಿನ್ನ ನೇಗಿಲ ಸಾಲೂ ಹಿಂಗೇ ಏನಪಾ?" ಎಂದ. ಒಳಗಿನಿಂದ ಅವನ ಹೆಂಡತಿ ಪ್ಯಾರಿಬಿ ನಕ್ಕದ್ದು ಕೇಳಿಸಿತ್ತು. ಆ ನಗು ಇನ್ನೂ ಕಿವಿಯಲ್ಲಿದೆ. ಆ ನಗುವಿನ ಹೆಂಗಸು ಈಗಲೂ ಈ ಪಡಸಾಲೆಯ ಹಿಂದಿನ ಖೋಲಿಯಲ್ಲೇ ಇದ್ದಾಳೆ, ನಡುವೆ ಒಂದು ಬಾಗಿಲು, ಬಾಗಿಲಿಗೆ ಒಂದು ಪರದೆ. ಅವಳು ಕೌದಿ ಹೊಲಿಯುತ್ತಾಳೆ. ಸೂಜಿಯ ಸದ್ದು ಕೇಳುವುದಿಲ್ಲ, ಕೈ ಆಡಿದಾಗ ಬಳೆಯ ಸದ್ದು ಕೇಳುತ್ತದೆ. ಗಂಡ ಬದುಕಿದ್ದಾನೆಂಬ ಹೆಂಗಸಿನ ಬಳೆ.

"ಎಷ್ಟಾದ್ವೋ ಖಂಡ್ಯಾ?"

ಶಾಂತಲಿಂಗಪ್ಪ ಬಾಗಿಲಲ್ಲಿ ನಿಂತಿದ್ದ. ತಲೆಯ ಮೇಲೆ ಹೊಸ ಬಿಳಿ ಟೋಪಿ. ಎರಡು ವರ್ಷದ ಹಿಂದೆ ಅದೇ ತಲೆಯ ಮೇಲೆ ಕೆಂಪು ರೂಮಿ ಟೋಪಿ ಇತ್ತು, ತಲೆ ಮಾತ್ರ ಬದಲಾಗಿರಲಿಲ್ಲ. ಹಿಂದೆ ಆಳು ಚಹಾ ಹಿಡಿದು ಬಂದಿದ್ದ. ಕಪ್ಪು ಶಾಂತಲಿಂಗಪ್ಪನ ಕೈಗೆ ಹೋಯಿತು, ಬಶಿಯಲ್ಲಿ ಸುರಿದ ಅರ್ಧ ಚಹಾ ಖಂಡಪ್ಪನ ಮುಂದೆ ನೆಲದ ಮೇಲೆ ಬಂತು.

"ಇದು ಹನ್ನೆರಡನೇದು," ಎಂದ ಖಂಡಪ್ಪ.

"ಮೂರು ತಾಸಿಗೆ ಹನ್ನೆರಡು? ನಮ್ಮ ಆಕಳಾದ್ರೂ ಇಷ್ಟೊತ್ತಿಗೆ ಕಪಾಟು ತಿಂದು ಮುಗಸ್ತಿತ್ತು."

"ಹಂಗಾದ್ರ ಆಕಳಾನ ಕಮಿಟಿಗೆ ತಗೋರಿ ಸಾವ್ಕಾರ್ರ. ಓದಿದವ್ರು ಭಾಳ ಕಡಿಮಿ ಅದಾರ."

ಶಾಂತಲಿಂಗಪ್ಪ ಜೋರಾಗಿ ನಕ್ಕ. ಖಂಡಪ್ಪನ ಒರಟು ಬಾಯಿ ಊರಿಗೆಲ್ಲ ಗೊತ್ತು, ಅದನ್ನು ನಕ್ಕು ಮುಗಿಸುವುದು ದೊಡ್ಡವರಿಗೆ ಗೊತ್ತು. ರಾಶಿಯಿಂದ ಒಂದು ರಟ್ಟು ಎತ್ತಿ ತಿರುಗಿಸಿ ಮುರುಗಿಸಿ ನೋಡಿ, "ಏನು ಬರದದ ಇದರಾಗ? ರಜಾಕಾರರ ಹುಕುಮೇ ಇರಬೇಕು," ಎಂದ.

ಖಂಡಪ್ಪ ಓದಿದ. ಊರ ಶಾಲೆಯಲ್ಲಿ ನಾಲ್ಕು ವರ್ಷ ಕಲಿತದ್ದು ಉರ್ದುವೇ, ಕನ್ನಡ ಕಲಿತದ್ದು ಈ ಪಡಸಾಲೆಯಲ್ಲಿ. "ಎಮ್ಮಿ ಕಳದದ," ಎಂದ.

"ಏನು?"

"ಜೇವರ್ಗಿ ಕಡೆ ಯಾರದೋ ಎಮ್ಮಿ ಕಳದದ. ಬಲಗೋಡು ಮುರದದಂತ. ಹುಡುಕಿ ಕೊಟ್ಟವ್ರಿಗೆ ಇನಾಮು."

ಶಾಂತಲಿಂಗಪ್ಪನ ಮುಖದಲ್ಲಿ ನಗು ಅರ್ಧಕ್ಕೆ ನಿಂತಿತು. "ಇರ್ಲಿ ಬಿಡು. ಎಮ್ಮಿ ಅಂತ ಎಷ್ಟು ಮಂದಿಗೆ ತಿಳೀತದ? ಮಂದಿ ಅಕ್ಷರ ನೋಡ್ತಾರ." ಕಪ್ಪು ಆಳಿಗೆ ಕೊಟ್ಟು ಹತ್ತಿರ ಬಂದು ದನಿ ಇಳಿಸಿದ. "ಸಂಜೀಕ ತಹಶೀಲ ಕಚೇರಿಯಿಂದ ಗಿರದಾವರ ಸಾಹೇಬ್ರು ಬರ್ತಾರ, ಪಂಚನಾಮಿ ತಗೊಂಡು. ಐದು ಮಂದಿ ಸಹಿ ಬೇಕು. ನಾಕು ಆದ್ಹಂಗೇ. ನಿಂದು ಐದನೇದು. ಖಾದರಸಾಬ ಆವತ್ತ ಬೆಳಕು ಹರಿಯೂದ್ರಾಗ ರಜಾಕಾರರ ಲಾರಿ ಹತ್ತಿ ಓಡಿಹೋದ, ಪಾಕಿಸ್ತಾನ ಸೇರಿದ. ಮುಗೀತು. ಓಡಿಹೋದವ್ರ ಮನಿ ಸರಕಾರದ್ದು. ಸರಕಾರ ವಾಚನಾಲಯಕ್ಕ ಕೊಡ್ತದ."

"ಹಿಂದಿನ ಖೋಲ್ಯಾಗ ಹೆಣ್ಮಕ್ಕಳು ಅದಾರ."

"ಆಳಂದದಾಗ ಆಕಿ ಅಣ್ಣ ಇಲ್ಲೇನು? ಹೋಗ್ತಾರ."

"ಲಾರಿ ಹತ್ತಿದ್ದು ಯಾರು ನೋಡ್ಯಾರ್ರಿ?"

"ಊರು ನೋಡ್ಯದ."

"ಊರಿಗೆ ಕಣ್ಣು ಎಲ್ಲಿರ್ತಾವ್ರಿ?"

ಶಾಂತಲಿಂಗಪ್ಪ ಕೈಯಲ್ಲಿದ್ದ ರಟ್ಟನ್ನು ರಾಶಿಗೆ ಒಗೆದ. "ಇವತ್ತ ನಿಂದೇನಲೇ? ನಿನ್ನಿ ಹೂಂ ಅಂದಿ. ನೀ ಅವನ ಬಲಗೈ ಇದ್ದಾಂವ, ಅದಕ್ಕೇ ನಿನ್ನ ಕರದದ್ದು. ನೀ ಸಹಿ ಹಾಕಿದ್ರ ಯಾರೂ ಬಾಯಿ ತೆರೆಯಂಗಿಲ್ಲ. ಲಾರಿ ಹತ್ತಲಿಲ್ಲಂದ್ರ ಮತ್ತೆಲ್ಲಿ ಹೋದಾಂವ? ನಿನಗೇನರ ಗೊತ್ತದೇನು?"

ಪರದೆಯ ಹಿಂದೆ ಬಳೆಯ ಸದ್ದು ನಿಂತಿತ್ತು. ಖಂಡಪ್ಪನಿಗೆ ಗೊತ್ತಿತ್ತು. ಆ ಮಧ್ಯಾಹ್ನ ತನ್ನ ಬಾಗಿಲಲ್ಲಿ ಆದದ್ದು ಊರಿನಲ್ಲಿ ಅವನಿಗೊಬ್ಬನಿಗೆ, ಅವನ ಹೆಂಡತಿಗೊಬ್ಬಳಿಗೆ ಗೊತ್ತಿತ್ತು. "ಇಲ್ರಿ," ಎಂದ. ನೆಲದ ಮೇಲಿನ ಬಶಿ ಎತ್ತಿ ಆರಿದ ಚಹಾ ಕುಡಿದ. ಕುಡಿಯಬಾರದಿತ್ತು.

ಶಾಂತಲಿಂಗಪ್ಪ ಹೋದ ಮೇಲೆ ಚೂರಿ ಎತ್ತಲು ಮನಸ್ಸಾಗಲಿಲ್ಲ, ಹಳೆಯದೆಲ್ಲ ನೆನಪಾಯಿತು. ಕಾಲರಾ ಬಂದ ವರ್ಷ, ಗಾಣಗಾಪುರದಲ್ಲಿ ದತ್ತ ಜಯಂತಿಗೆ ಬಂದ ಜನ ಸಂಗಮದ ಉಸುಕಿನಲ್ಲಿ ಬಿದ್ದಲ್ಲೇ ಬಿದ್ದಿರುತ್ತಿದ್ದರು. ಖಾದರಸಾಬ ಊರಿನ ಹದಿನೆಂಟು ಹುಡುಗರನ್ನು ಕಟ್ಟಿಕೊಂಡು ನಡೆದುಹೋದ. ಎಡತೋಳಿಗೆ ಒಂದೊಂದು ಹಳದಿ ಪಟ್ಟಿ, ಪ್ಯಾರಿಬಿ ಹೊಲಿದದ್ದು. ಹಂಡೆಗಟ್ಟಲೆ ನೀರು ಕಾಯಿಸಿ ಆರಿಸಿ ಕುಡಿಸುವುದು, ಮುದುಕಿಯರನ್ನು ಹೊತ್ತು ಛತ್ರಕ್ಕೆ ತರುವುದು, ಸತ್ತವರ ಊರಿಗೆ ಕಾಗದ ಬರೆಯುವುದು. ಒಬ್ಬ ಪೂಜಾರಿ ನೀರಿನ ತಂಬಿಗೆ ಹಿಡಿದ ಖಾದರಸಾಬನ ಗಡ್ಡ ನೋಡಿ ಹಿಂಜರಿದಾಗ ಖಾದರಸಾಬ, "ಮಹಾರಾಜ್ರ, ನೀರು ಭೀಮಾಂದು, ಬೆಂಕಿ ನಿಮ್ಮ ಛತ್ರದ್ದು, ನಂದು ಬರೇ ತಂಬಗಿ. ತಂಬಗಿ ಬೇಕಾದ್ರ ತೊಳದ ಕುಡೀರಿ," ಎಂದಿದ್ದ. ಪೂಜಾರಿ ತೊಳೆಯದೆ ಕುಡಿದ. ಮೂರನೆಯ ದಿನ ಒಬ್ಬ ಮನುಷ್ಯ ಖಂಡಪ್ಪನ ಬೆನ್ನ ಮೇಲೆಯೇ ಸತ್ತ. ಹೆಣವನ್ನು ಇಳಿಸಲು ಬಾರದೆ ಅವನು ಉಸುಕಿನಲ್ಲಿ ನಿಂತುಬಿಟ್ಟಿದ್ದ, ಅಳುತ್ತಿದ್ದ. ಖಾದರಸಾಬ ಬಂದು ಹೆಣವನ್ನು ತನ್ನ ಬೆನ್ನಿಗೆ ತೆಗೆದುಕೊಂಡ. "ಅಂಜಬ್ಯಾಡ. ಅಂಜಿಕಿ ಬಂದ್ರ ನನ್ನ ಕರಿ, ನಾ ಬರ್ತೇನಿ." ಹಾಗೆಂದವನು ಅವನು. ಕರೆದಾಗ ಬಂದವನು. ಊರಿಗೆ ಬಂದ ಮೇಲೆ ಪ್ಯಾರಿಬಿ ನಲವತ್ತು ದಿನ ಜ್ವರ ಹಿಡಿದು ಮಲಗಿದಳು, ಖಾದರಸಾಬ ರೊಟ್ಟಿ ಬಡಿದ, ಬಟ್ಟೆ ಒಗೆದ, ಸೊಂಟಕ್ಕೆ ಮಗಳನ್ನು ಕಟ್ಟಿಕೊಂಡು ಪುಸ್ತಕ ಕೊಟ್ಟ. ಹೆಂಡತಿಯ ಗುಲಾಮ ಎಂದು ಕಟ್ಟೆಯ ಮೇಲೆ ಕೂತವರು ಕೂಗಿದರೆ, "ಗುಲಾಮಗಿರಿ ಮಾಡೂದೇ ಇದ್ರ ಮನ್ಯಾಗ ಮಾಡಬೇಕ್ರಪಾ, ಕಚೇರ್ಯಾಗಲ್ಲ," ಎಂದು ನಗುತ್ತಿದ್ದ.

ಲಾರಿ ಹೋದ ಆ ದಿನ ಅವನೇ ಖಂಡಪ್ಪನನ್ನು ಕರೆದ. ಕಳೆದ ವರ್ಷ ಗಣಪತಿ ಕೂಡಿಸಿ ಎಂಟ್ಹತ್ತು ದಿನ ಆಗಿತ್ತು. ಹಿಂದುಸ್ತಾನದ ದಂಡು ಬಂತು ಎಂಬ ಸುದ್ದಿ ಬಂದಿತ್ತು, ಊರಿನಲ್ಲಿ ಠಿಕಾಣಿ ಹಾಕಿದ್ದ ರಜಾಕಾರರು ಬೆಳಗು ಹರಿಯುವ ಮೊದಲೇ ಲಾರಿ ಹತ್ತಿ ಹೋಗಿದ್ದರು. ವರ್ಷಗಟ್ಟಲೆ ಅವರ ಕೈಯಲ್ಲಿ ಹೊಡೆತ ತಿಂದ ಊರು, ಅವರು ಸಿಗದೆ ಹೋದ ಸಿಟ್ಟಿಗೆ, ಸಿಕ್ಕವರನ್ನು ಹಿಡಿಯಲು ಎದ್ದಿತು. ಖಾದರಸಾಬ ನಸುಕಿನಲ್ಲೇ ಹೆಂಡತಿ ಮಗಳನ್ನು ಊರ ಹೊರಗಿನ ಕುರಿಹಟ್ಟಿಗೆ ಒಯ್ದು ಮುದುಕಿ ನಿಂಬೆವ್ವನ ಕಂಬಳಿಗಳ ರಾಶಿಯಲ್ಲಿ ಬಚ್ಚಿಟ್ಟು, ವಾಚನಾಲಯಕ್ಕೆ ಕೀಲಿ ಹಾಕಿ ಬರುತ್ತೇನೆಂದು ತಿರುಗಿ ಬಂದಿದ್ದ. ಕೀಲಿ ಹಾಕಿದ. ಅಷ್ಟರಲ್ಲಿ ಕುರಿಹಟ್ಟಿಯ ದಾರಿಯಲ್ಲಿ ಜನ ತುಂಬಿದ್ದರು. ಮಧ್ಯಾಹ್ನ ನೆತ್ತಿಯ ಮೇಲೆ ಸೂರ್ಯ ಇರುವಾಗ ಖಂಡಪ್ಪನ ಬಾಗಿಲನ್ನು ಯಾರೋ ಬಡಿದರು. ಜೋರಾಗಿ ಅಲ್ಲ, ಪುಸ್ತಕದ ರಟ್ಟು ಒಣಗಿದೆಯೋ ಇಲ್ಲವೋ ಎಂದು ಬೆರಳಿನಿಂದ ತಟ್ಟಿ ನೋಡುವಂತೆ. "ಖಂಡಪ್ಪಾ." ಸಿಟ್ಟಿನ ಮನುಷ್ಯ ಖಂಡಪ್ಪ, ರಜಾಕಾರರ ಎದುರಿಗೇ ಉಗುಳಿದವನು, ಜೋಳದ ಚೀಲಗಳ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ. ಜೀವಮಾನವೆಲ್ಲ ಕರೆಯದೆ ಬರುತ್ತಿದ್ದ ಸಿಟ್ಟು ಆವತ್ತು ಎಷ್ಟು ಕರೆದರೂ ಬರಲಿಲ್ಲ. ಹೆಂಡತಿ ಗುರಮ್ಮನ ಕಡೆ ನೋಡಿ ಕೈ ಅಲ್ಲಾಡಿಸಿದ. ಅವಳು ಬಾಗಿಲಿನ ಅಗಳಿ ಮುಟ್ಟಿದವಳು ಕೈ ಹಿಂದೆ ತೆಗೆದಳು. "ಅವ್ರು ಮನ್ಯಾಗಿಲ್ಲಣ್ಣ. ಹಿರೋಳ್ಳಿಗೆ ಹೋಗ್ಯಾರ," ಎಂದಳು ಮುಚ್ಚಿದ ಬಾಗಿಲಿಗೆ. ಹೊರಗಿನಿಂದ, "ಆಯ್ತು ತಂಗಿ. ಬಾಗಲ ತೆಗೀಬ್ಯಾಡ," ಎಂಬ ದನಿ. ಏನೋ ಸರಿಸಿದ ಸದ್ದು. ನಡೆದ ಸದ್ದು. ಓಣಿಯ ತುದಿಯಲ್ಲಿ ಜನರ ಕೂಗು ಎದ್ದು, ಆ ಕೂಗು ಹೊಳೆಯ ಕಡೆಗೆ ಸರಿಯುತ್ತ ಸರಿಯುತ್ತ ಹೋಯಿತು. ಸಂಜೆಗೆ ಬಾಗಿಲು ತೆಗೆದಾಗ ಹೊಸ್ತಿಲ ಮುಂದೆ ಬಿಟ್ಟಿದ್ದ ಖಂಡಪ್ಪನ ಕೆರವು ಅಲ್ಲಿರಲಿಲ್ಲ. ಬಾಗಿಲ ಪಕ್ಕದ ಗೂಡಿನಲ್ಲಿ, ಯಾರಿಗೂ ಕಾಣದಂತೆ, ಜೋಡಿಸಿ ಇಟ್ಟಿದ್ದವು. ಒಳಗೆ ಗಂಡಸಿದ್ದಾನೆಂದು ದಾರಿಯ ಮೇಲಿನವರಿಗೆ ತಿಳಿಯಬಾರದೆಂದು. ಅಂದರೆ ಖಾದರಸಾಬ ಕೆರವು ನೋಡಿದ್ದ.

ಊಟಕ್ಕೆ ಮನೆಗೆ ಹೋದಾಗ ಗುರಮ್ಮ ರೊಟ್ಟಿಯ ಬುಟ್ಟಿಯನ್ನು ಅವನ ಮುಂದೆ ಸರಿಸಿ ಒಲೆಯ ಕಡೆ ಮುಖ ಮಾಡಿ ಕೂತಳು. ಹನ್ನೊಂದು ತಿಂಗಳಿಂದ ಹೀಗೆಯೇ. ಬಡಿಸುತ್ತಾಳೆ, ಎದುರು ಕೂಡುವುದಿಲ್ಲ. ಖಂಡಪ್ಪನಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು, ಬೇಡದಾಗ ಬರುವುದಕ್ಕೆ ಅದಕ್ಕೇನು.

"ಏನಾಗ್ಯದ ನಿನಗ? ಸೊಟ್ಟ ಮಾರಿ ಮಾಡ್ಕೊಂಡು ಕೂಡೂದಾದ್ರ ಅಡಗಿ ಮಾಡಬ್ಯಾಡ."

"ಇವತ್ತ ಸಹಿ ಅಂತಲ್ಲ," ಎಂದಳು ಗುರಮ್ಮ.

"ಯಾರು ಹೇಳಿದ್ರು?"

"ಭಾವಿ ಕಟ್ಟಿ ಮ್ಯಾಲೆ ಎಲ್ಲಾ ಹೆಣ್ಮಕ್ಕಳಿಗೂ ಗೊತ್ತದ. ಪ್ಯಾರಿಬಿಗೂ ಗೊತ್ತದ. ಕೊಡ ತುಂಬಿ ನನ್ನ ಕಡೆ ನೋಡಿ ನಕ್ಕಳು. ಯಾಕ ನಕ್ಕಳೋ ಏನೋ."

"ನಾನೊಬ್ಬ ಸಹಿ ಹಾಕಲಿಲ್ಲಂದ್ರ ಇನ್ನೊಬ್ಬ ಹಾಕ್ತಾನ. ಊರಾಗ ಐದು ಮಂದಿ ಸಿಗಂಗಿಲ್ಲೇನು?"

"ಸಿಗ್ತಾರ."

"ಮತ್ತ?"

ಗುರಮ್ಮ ತಿರುಗಿದಳು. ಅವಳ ಮುಖದಲ್ಲಿ ಅಳು ಇರಲಿಲ್ಲ, ಅದನ್ನು ನೋಡಿ ಖಂಡಪ್ಪನಿಗೆ ಹೆದರಿಕೆಯಾಯಿತು. "ಆವತ್ತ ಸುಳ್ಳು ನೀವು ಹೇಳಲಿಲ್ರಿ. ನನ್ನ ಬಾಯಿಲೆ ಹೇಳಿಸಿದ್ರಿ. ಹನ್ನೊಂದು ತಿಂಗಳಾತು, ಬಾಯಿ ನಂದು ಅನಸವಲ್ದು. ಇವತ್ತಿನ ಸುಳ್ಳು ನಿಮ್ಮ ಕೈಲೆ ಬರೀರಿ. ಹ್ಯಾಂಗ ಅನಸ್ತದ ನೋಡ್ರಿ." ಇಷ್ಟು ಹೇಳಿ ಒಲೆಗೆ ಕಡ್ಡಿ ಹಾಕಿದಳು.

ಅವನು ರೊಟ್ಟಿ ಮುರಿದವನು ಹಾಗೆಯೇ ಬುಟ್ಟಿಗೆ ಹಾಕಿ ಎದ್ದ. ದಾರಿಯುದ್ದಕ್ಕೂ ತಲೆಯೊಳಗೆ ತನ್ನ ಪರವಾಗಿ ತಾನೇ ವಕೀಲನಾಗಿ ಮಾತಾಡುತ್ತಿದ್ದ. ಬಾಗಿಲು ತೆರೆದಿದ್ದರೆ ಮೂವರೂ ಸಾಯುತ್ತಿದ್ದೆವು. ಖರೆ. ಬಾಗಿಲು ತೆರೆದು ಒಳಗೆ ಕರೆದು ಅಗಳಿ ಹಾಕಿದ್ದರೆ ಯಾರಿಗೂ ತಿಳಿಯುತ್ತಲೇ ಇರಲಿಲ್ಲ. ಅದೂ ಖರೆ. ಹೆದರಿದ್ದು ತಪ್ಪಲ್ಲ. ಊರೆಲ್ಲ ಹೆದರಿತ್ತು. ಆದರೆ ಆಮೇಲೆ? ಆಮೇಲಿನ ಹನ್ನೊಂದು ತಿಂಗಳು ಯಾವ ಮಂದಿ ಬಾಗಿಲು ಬಡಿದಿದ್ದರು? ಓಡಿಹೋದ ಎಂದು ಕಟ್ಟೆಯ ಮೇಲೆ ಮೊದಲ ಸಲ ಯಾರೋ ಅಂದಾಗ ಅವನು ಅಲ್ಲಿಯೇ ಕೂತು ಬೀಡಿ ಸೇದುತ್ತಿದ್ದ. ಬೀಡಿ ಆರಿಹೋಗುವ ತನಕ ಸೇದಿದ. ಆ ಮಾತು ಅವನಿಗೆ ಅನುಕೂಲವಾಗಿತ್ತು. ಓಡಿಹೋದವನು ಬಾಗಿಲು ಬಡಿಯಲಾರ. ಊರು ಕಟ್ಟಿದ ಆ ಸುಳ್ಳಿನ ಚೀಲದ ಹಿಂದೆಯೂ ಅವನೇ ಕುಕ್ಕರಗಾಲಲ್ಲಿ ಕೂತಿದ್ದ. ಇದು ಹೊಳೆದಾಗ ಓಣಿಯ ನಡುವೆ ನಿಂತುಬಿಟ್ಟ. ಹಿಂದಿನಿಂದ ಬಂದ ಚಕ್ಕಡಿಯವನು, "ಸರೀಯೋ ಮಾರಾಯಾ, ರಸ್ತೇದಾಗ ಬೇರು ಬಿಟ್ಟೀಯೇನು?" ಎಂದು ಬೈದು ಹೋದ.

ಗಿರದಾವರ ಬಂದಾಗ ಇನ್ನೂ ಬೆಳಕಿತ್ತು. ಬೇರೆ ಜಿಲ್ಲೆಯಿಂದ ಬಂದ ಎಳೆಯ ಅಧಿಕಾರಿ, ಮೆಲುದನಿಯವನು, ಎಲ್ಲರಿಗೂ ನಮಸ್ಕಾರ ಮಾಡಿದ. ಪಡಸಾಲೆಯಲ್ಲಿ ಅವನಿಗೊಂದು ಕುರ್ಚಿ, ಶಾಂತಲಿಂಗಪ್ಪನಿಗೊಂದು ಕುರ್ಚಿ. ಉಳಿದವರು ಚಾಪೆಯ ಮೇಲೆ, ಬಾಗಿಲಲ್ಲಿ, ಹೊರಗಿನ ಕಟ್ಟೆಯ ಮೇಲೆ. ಹೆಂಗಸರು ಓಣಿಯ ಆಚೆ ಗೋಡೆಗೆ ಒತ್ತಿ ನಿಂತಿದ್ದರು. ಗುರಮ್ಮನೂ ಅಲ್ಲಿದ್ದಳು. ಶಾಲೆಯ ಮಹಾದೇವಪ್ಪ ಮಾಸ್ತರ ಮೊದಲ ಸಹಿ ಹಾಕಿದ. ಅವನ ಹೊಲಿಗೆಯೂ ಈ ಕಪಾಟಿನಲ್ಲಿ ಹತ್ತು ಪುಸ್ತಕಗಳಲ್ಲಿದೆ, ನೇರ ಹೊಲಿಗೆ, ಹುಡುಗರಿಗೆ ತೋರಿಸಲು ಖಾದರಸಾಬ ಅದನ್ನೇ ಎತ್ತಿ ಹಿಡಿಯುತ್ತಿದ್ದ. ಮಾಸ್ತರ ಕಾಗದ ಓದಲಿಲ್ಲ. ಆಮೇಲಿನ ಮೂವರೂ ಓದಲಿಲ್ಲ, ಒಬ್ಬ ಹೆಬ್ಬೆಟ್ಟು ಒತ್ತಿ ಬೆರಳನ್ನು ಗೋಡೆಗೆ ಒರೆಸಿದ. ಕಾಗದ ಖಂಡಪ್ಪನ ಮುಂದೆ ಬಂತು. ಅವನು ಓದಿದ. ನಿಧಾನವಾಗಿ ಓದಿದ, ತುಟಿ ಅಲ್ಲಾಡಿಸುತ್ತ. ಓದಿ ನಕ್ಕ.

"ಸಾವ್ಕಾರ್ರ, ಇದು ಉರ್ದು ಅದ."

"ಕಚೇರಿ ಕಾಗದ ಇನ್ನೂ ಅದರಾಗೇ ಬರ್ತಾವಲೇ," ಎಂದ ಶಾಂತಲಿಂಗಪ್ಪ.

"ಹಂಗಾದ್ರ ಇದರ ರಟ್ಟು ಯಾವಾಗ ಕೀಳೂದು?"

ಹೊರಗೆ ಕಟ್ಟೆಯ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಶಾಂತಲಿಂಗಪ್ಪ, "ಸಹಿ ಮಾಡೋ, ಚ್ಯಾಷ್ಟಿ ಸಾಕು," ಎಂದ.

"ಮಾಡ್ತೇನಿ. ಸಹಿ ಮಾಡಾಕೇ ಬಂದೇನಿ. ಆದ್ರ ಇದು ಸುಳ್ಳದ." ಖಂಡಪ್ಪ ಎದ್ದು ನಿಂತ. ಆವತ್ತು ಬಾರದ ಸಿಟ್ಟು ಈಗ ಬಂತು ಎಂದುಕೊಂಡ, ಆದರೆ ಬಂದದ್ದು ಸಿಟ್ಟಲ್ಲ, ದನಿ ತಣ್ಣಗಿತ್ತು. "ಸಾಹೇಬ್ರ, ರಜಾಕಾರರ ಲಾರಿ ಹೋದದ್ದು ಬೆಳಕು ಹರಿಯೂದ್ರಾಗ. ಅದಾದ ಮ್ಯಾಲೆ ಊರಿಂದ ಯಾವ ಲಾರಿನೂ ಹೋಗಿಲ್ಲ. ಖಾದರಸಾಬ ನಡು ಮಧ್ಯಾಹ್ನದಾಗ ನನ್ನ ಬಾಗಲದಾಗ ನಿಂತಿದ್ದ."

ಶಾಂತಲಿಂಗಪ್ಪನ ಮುಖ ಕೆಂಪಗಾಯಿತು. "ಕುಡದೀಯೇನಲೇ? ಆವತ್ತ ನೀ ಹಿರೋಳ್ಳಿಗೆ ಹೋಗಿದ್ದಿ. ನಿನ್ನ ಹೆಂಡ್ತೀನೇ ಎಲ್ಲಾರ್ಗೂ ಹೇಳ್ಯಾಳ."

"ಆಕಿ ಹೇಳಿದ್ದಲ್ಲ, ನಾ ಹೇಳಿಸಿದ್ದು. ನಾ ಮನ್ಯಾಗೇ ಇದ್ದೆ. ಜೋಳದ ಚೀಲದ ಹಿಂದ ಅಡಗಿ ಕುಂತಿದ್ದೆ."

ಕಟ್ಟೆಯ ಮೇಲಿಂದ ಒಬ್ಬ ಕೂಗಿದ, "ಭಲೇ ಹುಲೀ! ಸಂತ್ಯಾಗ ಹುಲಿ, ಮನ್ಯಾಗ ಇಲಿ!" ನಗು ಎದ್ದಿತು. ಆ ನಗುವಿಗಾಗಿ ಹನ್ನೊಂದು ತಿಂಗಳು ಹೆದರಿದ್ದ. ಈಗ ಬಂತು, ಮುಖಕ್ಕೆ ಬಡಿಯಿತು. ಅಷ್ಟೇ.

"ಇಲೀನೇ," ಎಂದ ಕಟ್ಟೆಯ ಕಡೆ ತಿರುಗಿ. "ಆದ್ರ ನೀವು ಆ ಹೊತ್ತಿಗೆ ಹೊಳಿ ಓಣ್ಯಾಗ ಯಾರ ಹಿಂದ ಓಡಾಕತ್ತಿದ್ರಿ? ಅದನ್ನೂ ಒಬ್ಬೊಬ್ಬರು ಬಂದು ಹೇಳ್ರಿ. ಜಾಗಾ ಅದ ಕಾಗದದಾಗ."

ನಗು ನಿಂತಿತು. ಹೊಸ ಬಿಳಿ ಟೋಪಿಯನ್ನು ಶಾಂತಲಿಂಗಪ್ಪ ತೆಗೆದು ಮತ್ತೆ ಹಾಕಿಕೊಂಡ. ಮಹಾದೇವಪ್ಪ ಮಾಸ್ತರ ತನ್ನ ಉಗುರು ನೋಡುತ್ತಿದ್ದ. ಗಿರದಾವರ ಲೇಖಣಿಯನ್ನು ಖಂಡಪ್ಪನ ಕಡೆ ಚಾಚಿದ. "ನೀವು ಹೇಳೂದನ್ನ ಇದರ ಕೆಳಗೇ ಬರೀರಿ. ಬರದ್ರ ನಿಮಗ ತ್ರಾಸ ಆಗಬಹುದು, ತಿಳೀತಲ್ಲ? ಮತ್ತ ಇದು ಹಿಂಗಿದ್ರ ಈ ಮನಿ ಮುಟ್ಟಾಕ ಬರಂಗಿಲ್ಲ. ತಹಶೀಲ್ದಾರ್ರು ಮೊದಲಿಂದ ವಿಚಾರಣಿ ಮಾಡಬೇಕಾಗ್ತದ."

"ಮಾಡ್ಲಿ."

ಅವನು ಚಾಪೆಯ ಮೇಲೆ ಕೂತು, ಉರ್ದು ಸಾಲುಗಳ ಕೆಳಗೆ ಕನ್ನಡದಲ್ಲಿ ಬರೆದ. ಅಕ್ಷರ ದಪ್ಪಗೆ ಬಂದವು. ಖಾದರಸಾಬ ಮಧ್ಯಾಹ್ನ ನನ್ನ ಮನೆಗೆ ಬಂದಿದ್ದನು. ನನ್ನನ್ನು ಕರೆದನು. ನಾನು ಒಳಗಿದ್ದೆನು. ಬಾಗಿಲು ತೆರೆಯಲಿಲ್ಲ. ಅವನು ಹೋದನು. ಜನರ ಕೂಗು ಹೊಳೆಯ ಕಡೆಗೆ ಹೋಯಿತು. ಅವನು ಓಡಿಹೋಗಲಿಲ್ಲ. ಬರೆಯುವಾಗ ಬೆನ್ನ ಹಿಂದೆ ಪರದೆ ಸರಿದ ಸದ್ದು ಕೇಳಿತು. ಚಾಪೆಯ ಮೇಲಿನವರು ಹಿಂದಕ್ಕೆ ಸರಿದರು. ಪ್ಯಾರಿಬಿ ಪಡಸಾಲೆಗೆ ಬಂದಿದ್ದಳು, ಗಂಡಸರ ನಡುವೆ, ತಲೆಯ ಮೇಲೆ ಸೆರಗು, ಹಿಂದೆ ಮಗಳು ಮೆಹರಾಜಬೇಗಂ. ಈಗ ಅವಳು ಅಳುತ್ತಾಳೆ, ಬಳೆ ಒಡೆದುಕೊಳ್ಳುತ್ತಾಳೆ ಎಂದು ಖಂಡಪ್ಪನಿಗೆ ಅನಿಸಿತು. ಮನೆ ಉಳಿಸಲು ಹೋಗಿ ಅವಳ ಗಂಡನನ್ನು ಕೊಂದಿದ್ದ ಅವನು. ಲಾರಿ ಹತ್ತಿದವನು ಎಲ್ಲಿಯೋ ಬದುಕಿರಬಹುದಿತ್ತು. ಬಾಗಿಲಿನಿಂದ ಹೊಳೆಯ ಕಡೆಗೆ ಹೋದವನು ಎಲ್ಲಿ ಬದುಕಿರುತ್ತಾನೆ? ಇದನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದ. ಕೇಳಿದರೆ ಅವಳು ಏನಾದರೂ ಕೊಡಬೇಕಾಗುತ್ತದೆ, ಮತ್ತೆ ಅವಳ ಹತ್ತಿರವೇ ಬೇಡಿದ ಹಾಗಾಗುತ್ತದೆ. ಬಾಯಿ ಮುಚ್ಚಿದ.

ಪ್ಯಾರಿಬಿ ಅಳಲಿಲ್ಲ. "ಖಂಡಪ್ಪ ಭಾಯಿ," ಎಂದಳು. "ಅವ್ರ ಮೈಮ್ಯಾಲೆ ಯಾವ ಅಂಗಿ ಇತ್ತು?"

ಖಂಡಪ್ಪ ಕೂತಲ್ಲೇ ಅವಳ ಕಡೆ ತಿರುಗಿದ.

"ಕುರಿಹಟ್ಟಿಗೆ ನಮ್ಮನ್ನ ಬಿಡೂ ಮುಂದ ನೀಲಿ ಗೆರಿ ಅಂಗಿ ಇತ್ತು, ಬೆನ್ನ ಮ್ಯಾಲೆ ಹರದಿತ್ತು. ಮನಿಗೆ ಹೋಗಿ ಬದಲ ಮಾಡ್ತೇನಿ ಅಂದಿದ್ರು. ಮಾಡಿದ್ರೋ ಇಲ್ಲೋ ಗೊತ್ತಿಲ್ಲ. ಕೆಳಗಿನ ಊರಾಗ ಹೊಳ್ಯಾಗಿಂದ ಎರಡು ಹೆಣ ತೆಗದು ಮಣ್ಣು ಮಾಡ್ಯಾರಂತ. ಒಂದರ ಮೈಮ್ಯಾಲೆ ನೀಲಿ ಗೆರಿ. ಒಂದರ ಮ್ಯಾಲೆ ಬಿಳೇದು. ನಂದು ಯಾವುದು ಅಂತ ನನಗ ತಿಳೀಬೇಕು."

ಖಂಡಪ್ಪ ಅವಳ ಮುಖ ನೋಡಿದ. ಹನ್ನೊಂದು ತಿಂಗಳಿಂದ ಅವಳಿಗೂ ಗೊತ್ತಿತ್ತು. ಲಾರಿಯನ್ನು ಅವಳು ಒಂದು ದಿನವೂ ನಂಬಿರಲಿಲ್ಲ. ಬಳೆಗಳು ಆಸೆಯ ಬಳೆಗಳಾಗಿರಲಿಲ್ಲ, ಊರು ಒಪ್ಪಿಕೊಳ್ಳುವ ತನಕ ತೆಗೆಯುವುದಿಲ್ಲ ಎಂಬ ಬಳೆಗಳು.

"ನೋಡಲಿಲ್ಲ ವೈನಿ," ಎಂದ. "ಚೀಲದ ಹಿಂದ ಇದ್ದೆ."

"ಗುರಮ್ಮ?"

ಓಣಿಯಾಚೆಯ ಗೋಡೆ ಬಿಟ್ಟು ಗುರಮ್ಮ ಮುಂದೆ ಬಂದಳು. ಗಂಡಸರು ದಾರಿ ಕೊಟ್ಟರು. ಬಾಗಿಲ ಹೊಸ್ತಿಲಲ್ಲಿ ನಿಂತು, "ಬಾಗಲ ಮುಚ್ಚಿತ್ತಕ್ಕ. ನಾನೂ ನೋಡಲಿಲ್ಲ," ಎಂದಳು. ಹನ್ನೊಂದು ತಿಂಗಳ ಮೇಲೆ ಅವಳ ಬಾಯಿಂದ ಅವಳದೇ ಮಾತು ಬಂತು.

"ಇಬ್ರೂ ನೋಡಲಿಲ್ಲ," ಎಂದಳು ಪ್ಯಾರಿಬಿ, ಹರಿದ ಬಟ್ಟೆಯ ಅಂಚು ಹಿಡಿದು ಎಷ್ಟು ಹರಿದಿದೆ ಎಂದು ನೋಡುವವಳ ಹಾಗೆ. ಆಮೇಲೆ ಬೆರಳಿನಿಂದ ಕಾಗದ ತೋರಿಸಿದಳು. "ಅದನ್ನೂ ಬರಿ."

ಅವನು ಬರೆದ. ಬಾಗಿಲು ಮುಚ್ಚಿದ್ದರಿಂದ ಅವನ ಮೈಮೇಲೆ ಯಾವ ಅಂಗಿ ಇತ್ತೆಂದು ನಾವಿಬ್ಬರೂ ನೋಡಲಿಲ್ಲ. ಕೆಳಗೆ ಸಹಿ ಮಾಡಿದ. ಗುರಮ್ಮನ ಹೆಬ್ಬೆಟ್ಟು ಅದರ ಪಕ್ಕದಲ್ಲಿ ಬಿತ್ತು. ಗಿರದಾವರ ಕಾಗದಕ್ಕೆ ಕೈ ನೀಡಿದ.

"ಜರಾ ತಡೀರಿ ಸಾಹೇಬ್ರ," ಎಂದಳು ಪ್ಯಾರಿಬಿ. "ಭಾಯಿ, ಎದ್ದು ನಿಂದ್ರು. ಓದು. ಜೋರ್ಲೆ ಓದು, ಓಣಿಗೆಲ್ಲಾ ಕೇಳಬೇಕು."

ಖಂಡಪ್ಪ ಎದ್ದು, ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು, ತಾನು ಬರೆದ ಮೊದಲ ಸಾಲಿನಿಂದ ಓದತೊಡಗಿದ.